ಒಳಗೆ ಗಾಳಿ, ಹೊರಗೆ ಸಿಲಿಕಾ: ಟೊಳ್ಳು ಮಣಿ ಮಾಡಿದ ನಾಲ್ಕು ತಿಂಗಳ ಟಿಪ್ಪಣಿ

ನನ್ನ ಮೇಜಿನ ಮೇಲೆ 5 ಮಿಲಿ ಹಿಡಿಯುವ ಪುಟ್ಟ ಗಾಜಿನ ಸೀಸೆ ಇದೆ. ಅದರೊಳಗೆ ಅರ್ಧ ಗ್ರಾಂಗಿಂತ ಚೂರು ಜಾಸ್ತಿ ಬಿಳಿ ಪುಡಿ. ಅಷ್ಟೇ ತೂಕದ ಉಪ್ಪು ಹಾಕಿದ್ದರೆ ತಳದಲ್ಲಿ ಒಂದು ಚಿಟಿಕೆಯಷ್ಟು ಕಾಣುತ್ತಿತ್ತು. ಇದು ಸೀಸೆಯ ಅರ್ಧ ದಾಟಿ ಮೇಲೆ ಬಂದಿದೆ. ಸೀಸೆ ಅಲ್ಲಾಡಿಸಿದರೆ ಪುಡಿ ಹೊಗೆಯ ಹಾಗೆ ಎದ್ದು, ನಿಧಾನಕ್ಕೆ ಇಳಿಯುತ್ತದೆ. ಇದರ ಒಂದೊಂದು ಕಣವೂ ಸುಮಾರು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಗಲದ ಗುಂಡು ಮಣಿ. ಹೊರಗೆ ಸಿಲಿಕಾದ, ಅಂದರೆ ಮರಳು, ಗಾಜಿನಲ್ಲಿರುವ ವಸ್ತುವಿನ ತೆಳ್ಳನೆ ಚಿಪ್ಪು, ಒಳಗೆ ಬರೀ ಗಾಳಿ.

ಇದನ್ನು ಮಾಡಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಪೇಪರುಗಳಲ್ಲಿ ಇದರ ವಿಧಾನ ನಾಲ್ಕು ಸಾಲಿನಲ್ಲಿ ಮುಗಿದಿರುತ್ತದೆ. ಆ ನಾಲ್ಕು ಸಾಲಿನ ನಡುವೆ ಏನೇನು ಕೈಕೊಡುತ್ತದೆ, ಯಾವ ಗುರುತು ನೋಡಿ ಅದನ್ನು ಹಿಡಿಯಬೇಕು ಅನ್ನುವುದು ಕನ್ನಡದಲ್ಲಿ ಎಲ್ಲೂ ನನಗೆ ಸಿಗಲಿಲ್ಲ. ನನ್ನ ಹಾಗೆ ಸಣ್ಣ ಕಾಲೇಜಿನ ಲ್ಯಾಬಿನಲ್ಲಿ ಎಂಎಸ್‌ಸಿ ಪ್ರಾಜೆಕ್ಟ್ ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ನೋಟ್‌ಬುಕ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಯಾಕೆ ಬೇಕಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ತುಮಕೂರಿನಲ್ಲಿ ಏಪ್ರಿಲ್ ತಿಂಗಳು ಆರ್‌ಸಿಸಿ ತಾರಸಿಯ ಕೆಳಗೆ ಮಲಗಿದವರಿಗೆ ಗೊತ್ತು, ರಾತ್ರಿ ಹನ್ನೊಂದಾದರೂ ಸೂರು ಬಿಸಿ ಉಗುಳುತ್ತಲೇ ಇರುತ್ತದೆ. ತಾರಸಿಗೆ ಬಳಿಯುವ ಬಿಳಿ ಬಣ್ಣದಲ್ಲಿ ಟೊಳ್ಳು ಮಣಿ ಸೇರಿಸಿದರೆ ಎರಡು ಲಾಭ. ಚಿಪ್ಪು ಮತ್ತು ಗಾಳಿ ಸೇರುವ ಗಡಿಯಲ್ಲಿ ಬೆಳಕು ಚದುರಿ ಬಿಸಿಲು ವಾಪಸ್ ಹೋಗುತ್ತದೆ. ಒಳಗಿನ ಗಾಳಿ ಶಾಖವನ್ನು ಬೇಗ ದಾಟಲು ಬಿಡುವುದಿಲ್ಲ. ಇದನ್ನು ಒಂದು ಹಂಚಿನ ಮೇಲಾದರೂ ಬಳಿದು ನೋಡಬೇಕು ಅನ್ನುವುದು ನನ್ನ ಆಸೆ.

ಕಂಚಿನ ವಿಗ್ರಹ ಎರಕ ಹೊಯ್ಯುವುದನ್ನು ನೋಡಿದವರಿಗೆ ಕೆಲಸದ ದಾರಿ ಬೇಗ ಹೊಳೆಯುತ್ತದೆ. ಅವರು ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಗೆ ಹರಿಸುತ್ತಾರೆ. ಇಲ್ಲೂ ಹಾಗೇ. ಮೇಣದ ಜಾಗದಲ್ಲಿ ಪಾಲಿಸ್ಟೈರೀನ್ (ಥರ್ಮಾಕೋಲ್ ಮಾಡುವ ಪ್ಲಾಸ್ಟಿಕ್) ಮಣಿ, ಮಣ್ಣಿನ ಜಾಗದಲ್ಲಿ ಸಿಲಿಕಾ. ಅವರಿಗೆ ಮಣ್ಣಿನ ಚಿಪ್ಪು ಕೊನೆಗೆ ಒಡೆದು ಬಿಸಾಡುವ ವಸ್ತು, ನಮಗೆ ಬೇಕಾದದ್ದೇ ಆ ಚಿಪ್ಪು. 1998ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಫ್ರಾಂಕ್ ಕರುಸೊ ಮತ್ತು ಜೊತೆಯವರು 640 ನ್ಯಾನೊಮೀಟರ್ (0.64 ಮೈಕ್ರಾನ್) ಪಾಲಿಸ್ಟೈರೀನ್ ಮಣಿಯ ಮೇಲೆ ಪದರ ಪದರವಾಗಿ ಸಿಲಿಕಾ ಕಣ ಕೂರಿಸಿ, ಸುಟ್ಟು, ಟೊಳ್ಳು ಗೋಲ ಮಾಡಿ ತೋರಿಸಿದರು. ನಾನು ಹಿಡಿದ ದಾರಿ ಇನ್ನೂ ಸರಳ. ಸಿಲಿಕಾ ಕಣ ಬೇರೆ ತಂದು ಅಂಟಿಸುವ ಬದಲು ಮಣಿಯ ಮೈ ಮೇಲೇ ಸಿಲಿಕಾ ಬೆಳೆಸುವುದು. ಅದಕ್ಕೆ 1968ರ ಸ್ಟೋಬರ್ ವಿಧಾನ ಇದೆ. ಎಥನಾಲ್, ನೀರು, ಅಮೋನಿಯಾ ಬೆರೆಸಿ ಅದಕ್ಕೆ ಟಿಇಒಎಸ್ (ಟೆಟ್ರಾಈಥೈಲ್ ಆರ್ಥೊಸಿಲಿಕೇಟ್ ಅನ್ನುವ, ಸಿಲಿಕಾನ್ ಇರುವ ದ್ರವ) ಹಾಕಿದರೆ ಸಾಕು, ಸಿಲಿಕಾ ತಾನೇ ಹುಟ್ಟುತ್ತದೆ. ಎಲ್ಲಿ ಹುಟ್ಟುತ್ತದೆ ಅನ್ನುವುದೇ ನನ್ನನ್ನು ಎರಡು ತಿಂಗಳು ಕಾಡಿದ ಪ್ರಶ್ನೆ.

ಮೊದಲು ಅಚ್ಚು, ಅಂದರೆ ಪಾಲಿಸ್ಟೈರೀನ್ ಮಣಿ. ಅದನ್ನು ಸ್ಟೈರೀನ್ ಅನ್ನುವ ದ್ರವದಿಂದ ಮಾಡುತ್ತೇವೆ. ಸ್ಟೈರೀನ್ ಬಾಟಲಿಯಲ್ಲಿ ಅದು ತಾನಾಗಿ ಗಟ್ಟಿಯಾಗದಿರಲಿ ಅಂತ ಟರ್ಷಿಯರಿ ಬ್ಯುಟೈಲ್ ಕೆಟೆಕಾಲ್ ಸೇರಿಸಿರುತ್ತಾರೆ. ಅದನ್ನು ತೆಗೆಯದಿದ್ದರೆ ಕ್ರಿಯೆ ಶುರುವಾಗಲು ಸತಾಯಿಸುತ್ತದೆ. ಸೆಪರೇಟಿಂಗ್ ಫನಲ್‌ನಲ್ಲಿ ಶೇಕಡ 10ರ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕುಲುಕಿದರೆ ಕೆಳಗಿನ ನೀರಿನ ಪದರ ಕಂದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೂರನೇ ಸಲ ಬಣ್ಣ ಬರಲಿಲ್ಲ ಅಂದರೆ ಆಯಿತು. ಆಮೇಲೆ ಮೂರು ಸಲ ಬರೀ ನೀರಿನಲ್ಲಿ ತೊಳೆದು, ನೀರಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ ಒಣಗಿಸಿದೆ. ಈ ಕೆಲಸ ಎಲ್ಲ ಫ್ಯೂಮ್ ಹುಡ್ ಒಳಗೇ. ಸ್ಟೈರೀನ್ ವಾಸನೆ ಒಂದು ಸಲ ಕೋಣೆಗೆ ಹರಡಿದರೆ ಇಡೀ ದಿನ ತಲೆ ಸಿಡಿಯುತ್ತದೆ.

250 ಮಿಲಿ ಮೂರು ಬಾಯಿಯ ಫ್ಲಾಸ್ಕ್‌ಗೆ 90 ಮಿಲಿ ಎಥನಾಲ್, 1.5 ಗ್ರಾಂ ಪಿವಿಪಿ, 10 ಮಿಲಿ ಸ್ಟೈರೀನ್, 0.15 ಗ್ರಾಂ ಎಐಬಿಎನ್. ಪಿವಿಪಿ ಅಂದರೆ ಪಾಲಿವಿನೈಲ್ ಪೈರೊಲಿಡೋನ್, ಹುಟ್ಟುವ ಮಣಿಗಳು ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳುವ ಪಾಲಿಮರ್. ಎಐಬಿಎನ್ ಕ್ರಿಯೆಯನ್ನು ಶುರುಮಾಡುವ ವಸ್ತು. ಅದನ್ನು ಫ್ರಿಜ್‌ನಲ್ಲೇ ಇಡಬೇಕು. ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಹಾಯಿಸಿ ಆಕ್ಸಿಜನ್ ಓಡಿಸಿ, ಎಣ್ಣೆ ಬಾತ್‌ನಲ್ಲಿ 70 ಡಿಗ್ರಿಗೆ ಏರಿಸಿದೆ.

ಇಲ್ಲಿ ಒಂದು ಗಳಿಗೆ ಇದೆ. ಅದನ್ನು ನಾನು ಐದು ಸಲ ನೋಡಿದ್ದೇನೆ, ಐದು ಸಲವೂ ಕೆಲಸ ಬಿಟ್ಟು ನಿಂತು ನೋಡಿದ್ದೇನೆ. ಮೊದಲ ಇಪ್ಪತ್ತು ನಿಮಿಷ ದ್ರಾವಣ ನೀರಿನ ಹಾಗೆ ತಿಳಿ. ಆಮೇಲೆ ಫ್ಲಾಸ್ಕ್ ಹಿಂದಿನ ಟ್ಯೂಬ್‌ಲೈಟ್ ಕಡೆ ನೋಡಿದರೆ ಅಂಚಿನಲ್ಲಿ ಒಂದು ತೆಳು ನೀಲಿ ಮಂಜು. ಬೆಳಕು ಹಾಯುವ ಕಡೆ ಅದೇ ಮಂಜು ಸ್ವಲ್ಪ ಕೆಂಪಗೆ. ಹತ್ತು ನಿಮಿಷದಲ್ಲಿ ನೀಲಿ ಹೋಗಿ ನೀರು ಬೆರೆಸಿದ ಮಜ್ಜಿಗೆ, ಒಂದು ಗಂಟೆಯೊಳಗೆ ಗಟ್ಟಿ ಹಾಲು. ನೀಲಿ ಕಂಡ ಆ ಕೆಲವೇ ನಿಮಿಷದಲ್ಲಿ ಮಣಿಗಳ ಬೀಜ ಕಟ್ಟಿ ಮುಗಿಯುತ್ತದೆ. ಆಮೇಲೆ ಹೊಸ ಬೀಜ ಹುಟ್ಟುವುದಿಲ್ಲ, ಇದ್ದ ಬೀಜವೇ ಬೆಳೆಯುತ್ತದೆ. ಅದಕ್ಕೇ ಎಲ್ಲ ಮಣಿಯೂ ಒಂದೇ ಗಾತ್ರ ಬರುತ್ತದೆ. ಆ ಹೊತ್ತಿನಲ್ಲಿ ಬಾತ್‌ನ ಬಿಸಿ ಏರುಪೇರಾದರೆ, ಯಾರೋ ಸ್ಟರರ್ ವೇಗ ತಿರುಗಿಸಿದರೆ, ಗಾತ್ರ ಕೆಡುತ್ತದೆ. ಹಾಗಾಗಿ ಮೊದಲ ಒಂದು ಗಂಟೆ ಫ್ಲಾಸ್ಕ್ ಮುಟ್ಟಬೇಡಿ.

70 ಡಿಗ್ರಿಯಲ್ಲಿ ಎಐಬಿಎನ್ ಅರ್ಧದಷ್ಟು ಒಡೆಯಲು ಸುಮಾರು 5 ಗಂಟೆ ಬೇಕು. ಅದಕ್ಕೇ 24 ಗಂಟೆ ಬಿಡುವುದು. ಮರುದಿನ ತಣ್ಣಗಾದ ಮೇಲೆ ಒಂದು ಹನಿಯನ್ನು ಸ್ಲೈಡ್ ಮೇಲೆ ಒಣಗಲು ಬಿಟ್ಟೆ. ಒಣಗುತ್ತ ಬಂದ ಅಂಚಿನಲ್ಲಿ ನವಿಲುಗರಿಯ ಹಸಿರು, ಕೆಂಪು ಮಿಂಚಿತು. ಬಣ್ಣ ಏನೂ ಹಾಕಿಲ್ಲ. ಒಂದೇ ಗಾತ್ರದ ಮಣಿಗಳು ಸಾಲಾಗಿ ಕೂತರೆ ಹೀಗೆ ಮಿಂಚುತ್ತವೆ. ದುಬಾರಿ ಉಪಕರಣ ಇಲ್ಲದ ಲ್ಯಾಬಿನಲ್ಲಿ ಗಾತ್ರ ಸಮ ಇದೆಯಾ ಅಂತ ತಿಳಿಯಲು ಇದಕ್ಕಿಂತ ಸುಲಭದ ಗುರುತು ಇಲ್ಲ.

ಇಲ್ಲಿವರೆಗೆ ಎಲ್ಲ ಸರಿ ಇತ್ತು. ಮುಂದೆ ನಾನು ಮಾಡಿದ ತಪ್ಪು ಅಂದರೆ ಜಾಸ್ತಿ ತೊಳೆದದ್ದು. ಸೆಂಟ್ರಿಫ್ಯೂಜ್ ಹಾಕಿ ಜೋರಾಗಿ ತಿರುಗಿಸಿ ಮಣಿ ತಳಕ್ಕೆ ಕೂರಿಸು, ಮೇಲಿನ ನೀರು ಚೆಲ್ಲು, ಹೊಸ ಎಥನಾಲ್ ಹಾಕಿ ಶಬ್ದದ ಕಂಪನದಿಂದ ಅಲುಗಿಸುವ ಸೋನಿಕೇಟರ್‌ನಲ್ಲಿ ಬಿಡಿಸು. ಹೀಗೆ ಆರು ಸಲ. ಮಣಿ ಶುದ್ಧವಾದಷ್ಟೂ ಒಳ್ಳೆಯದು ಅಂತ ನಂಬಿದ್ದೆ. ಆಮೇಲೆ ಎಥನಾಲ್, ನೀರು, ಅಮೋನಿಯಾ ಹಾಕಿ, ಟಿಇಒಎಸ್ ಅಷ್ಟನ್ನೂ ಒಂದೇ ಸಲ ಸುರಿದೆ. ಬೆಳಗ್ಗೆ ನೋಡಿದರೆ ಹಾಲು ಹಾಲಾಗೇ ಇತ್ತು. ನನಗೆ ಖುಷಿಯೋ ಖುಷಿ.

ಸೆಂಟ್ರಿಫ್ಯೂಜ್ ಹಾಕಿದಾಗ ನಿಜ ಗೊತ್ತಾಯಿತು. ನಿಧಾನ ವೇಗದಲ್ಲಿ, 2000 ಆರ್‌ಪಿಎಂನಲ್ಲಿ ಹತ್ತು ನಿಮಿಷ. ಒಂದು ಮೈಕ್ರಾನ್ ಮಣಿಗಳು ತಳಕ್ಕೆ ಕೂತವು. ಮೇಲಿನ ದ್ರಾವಣ ತಿಳಿಯಾಗಬೇಕಿತ್ತು, ಆಗಲಿಲ್ಲ. ತೆಳು ನೀಲಿ ಹಾಲಿನ ಹಾಗೆ ಉಳಿಯಿತು. ಅಂದರೆ ಅಲ್ಲಿ ಬೇರೆಯೇ ಸಣ್ಣ ಕಣಗಳಿವೆ. ಸಿಲಿಕಾ ನನ್ನ ಮಣಿಯನ್ನು ಮುಟ್ಟದೆ ತನ್ನಷ್ಟಕ್ಕೆ ತಾನು ಗುಂಡಾಗಿ ಬೆಳೆದಿತ್ತು. ತಳದ ಮಣಿಯನ್ನು ಚೂರು ತೆಗೆದು ಟೆಟ್ರಾಹೈಡ್ರೊಫ್ಯೂರಾನ್ ಅನ್ನುವ ದ್ರಾವಕಕ್ಕೆ, ಅಂದರೆ ಟಿಎಚ್‌ಎಫ್‌ಗೆ ಹಾಕಿದೆ. ಟಿಎಚ್‌ಎಫ್ ಪಾಲಿಸ್ಟೈರೀನ್ ಅನ್ನು ಸಕ್ಕರೆ ಕರಗಿಸಿದ ಹಾಗೆ ಕರಗಿಸುತ್ತದೆ, ಸಿಲಿಕಾವನ್ನು ಮುಟ್ಟುವುದಿಲ್ಲ. ಚಿಪ್ಪು ಇದ್ದಿದ್ದರೆ ದ್ರಾವಣ ಮಬ್ಬಾಗಿ ಉಳಿಯಬೇಕು. ನನ್ನದು ಒಂದು ನಿಮಿಷದಲ್ಲಿ ಬಹುಪಾಲು ತಿಳಿಯಾಯಿತು.

ಈ ಎರಡು ಪರೀಕ್ಷೆಯನ್ನು ದಯವಿಟ್ಟು ನೆನಪಿಡಿ. ಮೇಲಿನ ದ್ರಾವಣ ತಿಳಿಯಾಗಿದೆಯಾ? ಟಿಎಚ್‌ಎಫ್‌ನಲ್ಲಿ ಮಬ್ಬು ಉಳಿಯುತ್ತದಾ? ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ) ಸರದಿಗಾಗಿ ಮೂರು ವಾರ ಕಾಯುವ ಮುಂಚೆ ಹದಿನೈದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಟಿಎಚ್‌ಎಫ್ ಹಳೆಯ ಬಾಟಲಿಯದಾದರೆ ಪೆರಾಕ್ಸೈಡ್ ಕಟ್ಟಿರುವ ಅಪಾಯ ಇದೆ, ಹೊಸದನ್ನೇ ತೆಗೆದುಕೊಳ್ಳಿ. ಅದು ಕರಗಿಸದ ಗಾಜಿನ ಸೀಸೆಯಲ್ಲಿ ಮಾತ್ರ ಮಾಡಿ, ಪ್ಲಾಸ್ಟಿಕ್ ಟ್ಯೂಬ್ ಬೇಡ.

ಏನು ತಪ್ಪಾಯಿತು ಅಂತ ಮೇಡಂ ಹತ್ತಿರ ನೋಟ್‌ಬುಕ್ ಒಯ್ದೆ. ಅವರು ಪುಟ ತಿರುಗಿಸಿ, "ಆರು ಸಲ ತೊಳೆದ್ಯಾ? ಮಣಿ ಮೇಲೆ ಪಿವಿಪಿ ಎಷ್ಟು ಉಳಿದಿರುತ್ತಮ್ಮ?" ಅಂದರು. ಆಗ ಅರ್ಥ ಆಯಿತು. ಪಾಲಿಸ್ಟೈರೀನ್ ಎಣ್ಣೆ ಸ್ವಭಾವದ ವಸ್ತು. ಸಿಲಿಕಾ ನೀರಿನ ಕಡೆಯದು, ಅಮೋನಿಯಾದಲ್ಲಿ ಅದರ ಮೈ ತುಂಬ ಋಣ ವಿದ್ಯುತ್. ಇವೆರಡಕ್ಕೂ ನೆಂಟಸ್ತಿಕೆ ಇಲ್ಲ. ನಡುವೆ ಇಬ್ಬರಿಗೂ ಒಗ್ಗುವ ಪಿವಿಪಿ ಇತ್ತು, ಅದನ್ನು ನಾನೇ ಕೈಯಾರೆ ತೊಳೆದು ಚೆಲ್ಲಿದ್ದೆ. ಮೆಣಸಿನಕಾಯಿ ಬಜ್ಜಿ ಮಾಡುವಾಗ ಕಾಯಿಯ ಮೈ ಒದ್ದೆ ಇದ್ದರೆ ಹಿಟ್ಟು ಜಾರಿ, ಎಣ್ಣೆಯಲ್ಲಿ ಹಿಟ್ಟಿನ ಕಾಳು ಬೇರೆ, ಕಾಯಿ ಬೇರೆ ತೇಲುತ್ತದೆ ಅಲ್ವಾ? ಅದೇ ಆದದ್ದು. ಹಿಟ್ಟು ಚೆನ್ನಾಗೇ ಇತ್ತು. ಕಾಯಿಯ ಮೈ ಸರಿ ಇರಲಿಲ್ಲ.

2003ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನವರು ಬೇರೆ ಬೇರೆ ಬಗೆಯ ಕಣಗಳ ಮೇಲೆ ಪಿವಿಪಿ ಹತ್ತಿಸಿ ಸಿಲಿಕಾ ಬೆಳೆಸಬಹುದು ಅಂತ ತೋರಿಸಿದ್ದಾರೆ. ಎರಡನೇ ಸಲ ಎರಡೇ ಬಾರಿ ತೊಳೆದು ಅದೇ ಆಸೆಯಲ್ಲಿ ಮಾಡಿದೆ. ಈ ಸಲ ಟಿಎಚ್‌ಎಫ್‌ನಲ್ಲಿ ಮಬ್ಬು ಉಳಿಯಿತು, ಆದರೆ ಮೇಲಿನ ದ್ರಾವಣದಲ್ಲಿ ನೀಲಿಯೂ ಉಳಿಯಿತು. ಅರ್ಧ ಕೂತಿದೆ, ಅರ್ಧ ಇಲ್ಲ. ದ್ರಾವಣದಲ್ಲಿ ಉಳಿದ ಬಿಡಿ ಪಿವಿಪಿ ಎಷ್ಟು, ಮಣಿ ಹಿಡಿದದ್ದು ಎಷ್ಟು ಅಂತ ಹದ ಹಿಡಿಯಲು ನನಗೆ ಆಗಲಿಲ್ಲ.

ಹಾಗಾಗಿ ಮೈಯನ್ನೇ ಬದಲಾಯಿಸೋಣ ಅಂದುಕೊಂಡೆ. ಸಿಲಿಕಾ ಋಣ ವಿದ್ಯುತ್ ಹೊತ್ತಿದ್ದರೆ ಮಣಿಗೆ ಧನ ವಿದ್ಯುತ್ ಕೊಟ್ಟರೆ ಮುಗಿಯಿತು. ಚೀನಾದ ಫುಡಾನ್ ವಿಶ್ವವಿದ್ಯಾಲಯದ ತಂಡ 2006ರಲ್ಲಿ ಮಾಡಿದ್ದು ಇದನ್ನೇ. ಸ್ಟೈರೀನ್ ಜೊತೆ ಎಂಟಿಸಿ ಅನ್ನುವ ಧನ ವಿದ್ಯುತ್ತಿನ ಮೊನೊಮರ್ (ಪಾಲಿಮರ್ ಸರಪಳಿಯ ಕೊಂಡಿಯಾಗುವ ವಸ್ತು) ಸ್ವಲ್ಪ ಸೇರಿಸುವುದು. ಅದು ಪಾಲಿಮರ್ ಸರಪಳಿಯಲ್ಲೇ ಹೆಣೆದುಕೊಳ್ಳುವುದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ನನಗೆ ಇದೇ ದೊಡ್ಡ ನೆಮ್ಮದಿ.

ಎಂಟಿಸಿಯನ್ನು ಶುರುವಿನಲ್ಲೇ ಹಾಕಿದಾಗ ಬೀಜ ಕಟ್ಟುವ ಹಂತ ಕೆಟ್ಟು, ದೊಡ್ಡದು ಚಿಕ್ಕದು ಬೆರೆತ ಮಣಿ ಬಂತು. ಸ್ಲೈಡ್ ಮೇಲೆ ನವಿಲುಗರಿ ಮಿಂಚಲಿಲ್ಲ. ಮುಂದಿನ ಸಲ ನೀಲಿ ಮಂಜು ಕಂಡು, ಹಾಲು ಗಟ್ಟಿಯಾಗಿ, ಒಟ್ಟು ಎರಡು ಗಂಟೆ ಕಳೆದ ಮೇಲೆ ಹಾಕಿದೆ. 0.2 ಗ್ರಾಂ ಎಂಟಿಸಿಯನ್ನು 10 ಮಿಲಿ ಎಥನಾಲ್‌ನಲ್ಲಿ ಕಲಸಿ, ಅದಕ್ಕೂ ನೈಟ್ರೋಜನ್ ಹಾಯಿಸಿ, ಸಿರಿಂಜ್‌ನಿಂದ ನಿಧಾನಕ್ಕೆ. ಬೀಜ ಕಟ್ಟಿ ಮುಗಿದಿತ್ತು, ಗಾತ್ರ ಕೆಡಲಿಲ್ಲ. ಕೊನೆಗೆ ಬಂದದ್ದು ಮೈ ಮೇಲಷ್ಟೇ ಬಂದು ಕೂತಿತು, ನಮಗೆ ಬೇಕಾದದ್ದೂ ಅಲ್ಲೇ.

ಮಣಿಯ ವಿದ್ಯುತ್ ಅಳೆಯುವ ಜೀಟಾ ಉಪಕರಣ ನಮ್ಮಲ್ಲಿಲ್ಲ. ಪಕ್ಕದ ಸಸ್ಯಶಾಸ್ತ್ರ ವಿಭಾಗದಿಂದ ಇಯೋಸಿನ್ ಬಣ್ಣ ತಂದೆ. ಇಯೋಸಿನ್ ಋಣ ವಿದ್ಯುತ್ತಿನ ಬಣ್ಣ. ಎರಡು ಟ್ಯೂಬ್, ಒಂದರಲ್ಲಿ ಹಳೆಯ ಮಣಿ, ಇನ್ನೊಂದರಲ್ಲಿ ಹೊಸದು, ಎರಡಕ್ಕೂ ಅಷ್ಟಷ್ಟೇ ಇಯೋಸಿನ್ ಹನಿ. ಸೆಂಟ್ರಿಫ್ಯೂಜ್ ನಿಂತಾಗ ಹಳೆಯ ಟ್ಯೂಬ್‌ನಲ್ಲಿ ತಳ ಬಿಳಚಿಕೊಂಡಿತ್ತು, ಮೇಲಿನ ನೀರು ಕೆಂಪಗಿತ್ತು. ಹೊಸ ಟ್ಯೂಬ್‌ನಲ್ಲಿ ತಳ ದಾಳಿಂಬೆ ಕಾಳಿನ ಬಣ್ಣ, ಮೇಲೆ ನೀರು ಬಹುತೇಕ ತಿಳಿ. ಎರಡನ್ನೂ ಪಕ್ಕಪಕ್ಕ ಹಿಡಿದು ತುಂಬ ಹೊತ್ತು ನೋಡಿದೆ. ಎರಡು ತಿಂಗಳಿಂದ ಕಾಯುತ್ತಿದ್ದದ್ದು ಅದೇ.

ಇನ್ನು ಟಿಇಒಎಸ್ ಎಷ್ಟು ಹಾಕಬೇಕು ಅನ್ನುವ ಲೆಕ್ಕ. ಸುಮ್ನೆ ಅಂದಾಜಿನಲ್ಲಿ ಹಾಕಬೇಡಿ. 1 ಗ್ರಾಂ ಮಣಿ ತೆಗೆದುಕೊಂಡರೆ, ಪಾಲಿಸ್ಟೈರೀನ್ ಸಾಂದ್ರತೆ 1.05, ಅಂದರೆ 0.95 ಘನ ಸೆಂಟಿಮೀಟರ್. ಒಂದು ಮೈಕ್ರಾನ್ ಮಣಿಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 5.7 ಚದರ ಮೀಟರ್ ಆಗುತ್ತದೆ, ಒಂದು ಪುಟ್ಟ ಅಡುಗೆಮನೆಯ ನೆಲದಷ್ಟು. ಅಷ್ಟಕ್ಕೂ ಗಾರೆ ಹಾಕಬೇಕು. 50 ನ್ಯಾನೊಮೀಟರ್ ದಪ್ಪದ ಚಿಪ್ಪು ಬೇಕು ಅಂತ ಇಟ್ಟುಕೊಂಡೆ. ಆಗ ಅರ್ಧ ಅಡ್ಡಳತೆ 0.50ರಿಂದ 0.55 ಮೈಕ್ರಾನ್‌ಗೆ ಏರುತ್ತದೆ, ಘನಗಾತ್ರ 1.33 ಪಟ್ಟು. ಜಾಸ್ತಿಯಾದ 0.33 ಪಾಲೇ ಚಿಪ್ಪು, ಅಂದರೆ ಸುಮಾರು 0.315 ಘನ ಸೆಂಟಿಮೀಟರ್. ಈ ರೀತಿ ಬೆಳೆಸಿದ ಸಿಲಿಕಾ ಸಾಂದ್ರತೆ ಸುಮಾರು 2, ಹಾಗಾಗಿ 0.63 ಗ್ರಾಂ ಸಿಲಿಕಾ. 208 ಗ್ರಾಂ ಟಿಇಒಎಸ್ 60 ಗ್ರಾಂ ಸಿಲಿಕಾ ಕೊಡುತ್ತದೆ. ಲೆಕ್ಕ ಹಾಕಿದರೆ 2.2 ಗ್ರಾಂ ಟಿಇಒಎಸ್, ಅಂದರೆ 2.35 ಮಿಲಿ. ನಾನು 2.4 ಮಿಲಿ ತೆಗೆದುಕೊಂಡೆ.

ಈ ಸಲ ಒಂದೇ ಸಲ ಸುರಿಯಲಿಲ್ಲ. ದ್ರಾವಣದಲ್ಲಿ ಸಿಲಿಕಾ ಏಕಾಏಕಿ ಜಾಸ್ತಿಯಾದರೆ ಅದು ಮಣಿಗಾಗಿ ಕಾಯುವುದಿಲ್ಲ, ತಾನೇ ಬೀಜ ಕಟ್ಟುತ್ತದೆ. ಸಿರಿಂಜ್ ಪಂಪ್ ನಮ್ಮಲ್ಲಿ ಇಲ್ಲ. ಮೈಕ್ರೊಪಿಪೆಟ್‌ನಿಂದ 0.4 ಮಿಲಿ, 40 ನಿಮಿಷಕ್ಕೊಮ್ಮೆ, ಆರು ಸಲ. ದ್ರಾವಣ ಹೀಗಿತ್ತು: 1 ಗ್ರಾಂ ಮಣಿ, 80 ಮಿಲಿ ಎಥನಾಲ್, 16 ಮಿಲಿ ನೀರು, 4 ಮಿಲಿ ಲಿಕರ್ ಅಮೋನಿಯಾ (ನೀರಿನಲ್ಲಿ ಕರಗಿಸಿದ ಗಾಢ ಅಮೋನಿಯಾ). ಟಿಇಒಎಸ್ ಹಾಕುವ ಮುಂಚೆ ಮಣಿಗಳು ಪೂರ್ತಿ ಬಿಡಿಬಿಡಿಯಾಗಿರಬೇಕು, ಅದಕ್ಕೆ ಅರ್ಧ ಗಂಟೆ ಸೋನಿಕೇಟರ್. ಗಂಟಾಗಿದ್ದಾಗ ಸಿಲಿಕಾ ಬೆಳೆದರೆ ಗಂಟಿಗೇ ಒಂದು ಚಿಪ್ಪು ಬರುತ್ತದೆ, ಆಮೇಲೆ ಬಿಡಿಸಲು ಆಗುವುದಿಲ್ಲ. ರಾತ್ರಿಯಿಡೀ ತಿರುಗಲು ಬಿಟ್ಟೆ.

ಬೆಳಗ್ಗೆ 2000 ಆರ್‌ಪಿಎಂ, ಹತ್ತು ನಿಮಿಷ. ಟ್ಯೂಬ್ ಎತ್ತಿ ಹಿಡಿದೆ. ಮೇಲಿನ ದ್ರಾವಣದ ಮೂಲಕ ಎದುರು ಗೋಡೆಯ ಕ್ಯಾಲೆಂಡರ್ ಅಂಕಿ ಓದಬಹುದಿತ್ತು. ಟಿಎಚ್‌ಎಫ್‌ನಲ್ಲಿ ಮಬ್ಬು ಹಾಗೇ ನಿಂತಿತು. ಮರುದಿನವೂ ಇತ್ತು.

ಚಿಪ್ಪು ಕೂತಿತು. ಈಗ ಒಳಗಿನ ಅಚ್ಚು ಹೊರಗೆ ಬರಬೇಕು. ಟಾಲುಯೀನ್‌ನಲ್ಲಿ ನೆನೆಸಿ ಕರಗಿಸಿ ತೆಗೆಯೋಣ ಅಂತ ಒಂದು ಭಾಗ ಪ್ರಯತ್ನಿಸಿದೆ. ಪಾಲಿಸ್ಟೈರೀನ್ ಕರಗುತ್ತದೆ ನಿಜ, ಆದರೆ ಅಷ್ಟುದ್ದದ ಸರಪಳಿ ಚಿಪ್ಪಿನ ಸಣ್ಣ ರಂಧ್ರದಿಂದ ಹೊರಬರಲು ದಿನಗಟ್ಟಲೆ ಬೇಕು. ಮೂರು ದಿನದ ಮೇಲೂ ಒಣಗಿಸಿದ ಪುಡಿ ಅಂಟಂಟಾಗಿತ್ತು. ಆ ದಾರಿ ಬಿಟ್ಟೆ.

ಸುಡುವ ದಾರಿಯಲ್ಲೂ ಒಂದು ಬ್ಯಾಚ್ ಹೋಯಿತು. ಕ್ರೂಸಿಬಲ್ ತುಂಬ ಪುಡಿ ಹಾಕಿ, ಮುಚ್ಚಳ ಮುಚ್ಚಿ, ಮಫಲ್ ಫರ್ನೇಸ್‌ನಲ್ಲಿ ನಿಮಿಷಕ್ಕೆ 10 ಡಿಗ್ರಿ ಏರಿಸಿದೆ. ಮುಕ್ಕಾಲು ಗಂಟೆಗೆ ಕಾರಿಡಾರ್ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ. ಅಟೆಂಡರ್ ಅಣ್ಣ ಓಡಿ ಬಂದು, "ಏನಮ್ಮಾ, ಒಳಗೆ ಬಕೆಟ್ ಇಟ್ಟಿದ್ದೀರಾ?" ಅಂತ ಕೇಳಿದರು. ಎಲ್ಲ ಕಿಟಕಿ ತೆಗೆಸಿ, ಎಕ್ಸಾಸ್ಟ್ ಹಾಕಿಸಿದರು. ಪಾಲಿಸ್ಟೈರೀನ್ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, 400ರ ಹತ್ತಿರ ಒಡೆದು ಬಹುಪಾಲು ಮತ್ತೆ ಸ್ಟೈರೀನ್ ಆವಿಯೇ ಆಗುತ್ತದೆ. ಆ ಆವಿ ಒಮ್ಮೆಗೇ ಎದ್ದರೆ 50 ನ್ಯಾನೊಮೀಟರ್ ಚಿಪ್ಪು ತಡೆಯುತ್ತದಾ? ಮುಚ್ಚಳ ಮುಚ್ಚಿದ್ದರಿಂದ ಗಾಳಿಯೂ ಸಾಲಲಿಲ್ಲ. ಮರುದಿನ ಸಿಕ್ಕಿದ್ದು ಬೂದು ಬಣ್ಣದ ಪುಡಿ. ಸೂಕ್ಷ್ಮದರ್ಶಕದಲ್ಲಿ ಬರೀ ಚೂರು.

ಮುಂದಿನ ಸಲ ಅಗಲ ಬಾಯಿಯ ಪಿಂಗಾಣಿ ದೋಣಿಯಲ್ಲಿ ತೆಳ್ಳಗೆ ಹರಡಿದೆ. ಮುಚ್ಚಳ ಇಲ್ಲ. ಫರ್ನೇಸ್ ಹೊಗೆ ಎಕ್ಸಾಸ್ಟ್‌ಗೆ ಹೋಗುವ ಹಾಗೆ ನೋಡಿಕೊಂಡೆ. ನಿಮಿಷಕ್ಕೆ 1 ಡಿಗ್ರಿ. 30ರಿಂದ 550 ಮುಟ್ಟಲು 8 ಗಂಟೆ 40 ನಿಮಿಷ, ಅಲ್ಲಿ 5 ಗಂಟೆ, ಆಮೇಲೆ ಬಾಗಿಲು ತೆಗೆಯದೆ ತಾನಾಗಿ ತಣ್ಣಗಾಗಲು ಬಿಡುವುದು. ಮಧ್ಯೆ ಕರೆಂಟ್ ಹೋದರೆ ಪ್ರೋಗ್ರಾಂ ಮೊದಲಿಂದ ಶುರುವಾಗುತ್ತದೆ. ಅದಕ್ಕೆ ಶನಿವಾರ ಬೆಳಗ್ಗೆ ಹಾಕಿ, ಜನರೇಟರ್ ನೋಡಿಕೊಳ್ಳುವ ಅಣ್ಣನಿಗೆ ಹೇಳಿಟ್ಟು, ನಾನೂ ರಾತ್ರಿವರೆಗೆ ಅಲ್ಲೇ ಇದ್ದೆ.

ಭಾನುವಾರ ದೋಣಿ ಹೊರಗೆ ತೆಗೆದಾಗ ಪುಡಿ ಹಿಮದ ಹಾಗೆ ಬೆಳ್ಳಗಿತ್ತು. ತೂಕ ಮಾಡಿದೆ. ಇಟ್ಟದ್ದು 1.50 ಗ್ರಾಂ, ಉಳಿದದ್ದು 0.56. ಶೇಕಡ 37. ಲೆಕ್ಕದ ಪ್ರಕಾರ 1 ಗ್ರಾಂ ಮಣಿಗೆ 0.63 ಗ್ರಾಂ ಚಿಪ್ಪು ಅಂದರೆ ಶೇಕಡ 38.6 ಉಳಿಯಬೇಕಿತ್ತು. ಹಾಕಿದ ಸಿಲಿಕಾ ಹೆಚ್ಚುಕಡಿಮೆ ಪೂರ್ತಿ ಮಣಿಯ ಮೇಲೇ ಕೂತಿತ್ತು ಅಂತ ತಕ್ಕಡಿಯೇ ಹೇಳಿತು.

ಆದರೆ ತೂಕ ಸರಿ ಇದ್ದರೆ ಚಿಪ್ಪು ಇಡಿಯಾಗಿದೆ ಅಂತ ಅಲ್ಲ. ಒಡೆದ ಚೂರೂ ಅಷ್ಟೇ ತೂಗುತ್ತದೆ. ನೀರಿಗೆ ಹಾಕಿದರೆ ತೇಲುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಒಳಗೆ ಗಾಳಿ ಇದ್ದರೆ ಇಂಥ ಮಣಿಯ ಸಾಂದ್ರತೆ ಸುಮಾರು 0.5, ತೇಲಲೇಬೇಕು. ನನ್ನ ಪುಡಿ ತೇಲಿತು, ಆದರೆ ಒಣ ಪುಡಿಯ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯೂ ತೇಲಿಸುತ್ತದೆ. ಅದನ್ನು ನಂಬುವ ಹಾಗಿಲ್ಲ.

ನಂಬಬಹುದಾದ ಪರೀಕ್ಷೆ ಸೂಕ್ಷ್ಮದರ್ಶಕದ ಪಕ್ಕದಲ್ಲೇ ಇತ್ತು. 100 ಪಟ್ಟಿನ ಲೆನ್ಸ್‌ಗೆ ಹಾಕುವ ಇಮ್ಮರ್ಶನ್ ಎಣ್ಣೆ. ಅದರ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.515, ಸಿಲಿಕಾದ್ದು ಸುಮಾರು 1.46. ಎರಡೂ ಹತ್ತಿರ. ಹಾಗಾಗಿ ಎಣ್ಣೆಯಲ್ಲಿ ಮುಳುಗಿದ ಸಿಲಿಕಾ ಚೂರು ಕಾಣುವುದೇ ಕಷ್ಟ. ಗಾಳಿ ಹಾಗಲ್ಲ, ಅದರದ್ದು 1. ಎಣ್ಣೆಯೊಳಗೆ ಗಾಳಿ ಗುಳ್ಳೆ ಕಪ್ಪು ಉಂಗುರದ ಹಾಗೆ ಎದ್ದು ಕಾಣುತ್ತದೆ. ಸ್ಲೈಡ್ ಮೇಲೆ ಒಂದು ಹನಿ ಎಣ್ಣೆ, ಅದರಲ್ಲಿ ಸೂಜಿ ಮೊನೆಯಷ್ಟು ಪುಡಿ, ಮೇಲೆ ಕವರ್‌ಸ್ಲಿಪ್.

ಫೋಕಸ್ ಸಿಗುವವರೆಗೆ ಏನೂ ಇಲ್ಲ. ಚೂರು ತಿರುಗಿಸಿದಾಗ ಒಮ್ಮೆಗೇ ಬಂತು. ಕಪ್ಪು ಸಾಸಿವೆ ಚೆಲ್ಲಿದ ಹಾಗೆ ನೂರಾರು ಗುಂಡುಗಳು, ಪ್ರತಿಯೊಂದರ ನಡುವೆ ಒಂದೊಂದು ಬೆಳಕಿನ ಚುಕ್ಕೆ. ಎಲ್ಲ ಒಂದೇ ಗಾತ್ರ. ನೋಡುತ್ತಿದ್ದ ಹಾಗೇ ಒಂದು ಗುಂಡಿನ ಒಂದು ಬದಿಯಿಂದ ಕಪ್ಪು ಕರಗತೊಡಗಿತು, ಎರಡು ಸೆಕೆಂಡಿನಲ್ಲಿ ಇಡೀ ಗುಂಡು ಮಾಯ. ಚಿಪ್ಪಿನ ಬಿರುಕಿನಿಂದ ಎಣ್ಣೆ ಒಳಗೆ ನುಗ್ಗಿದ್ದು ಅದು. ಪಕ್ಕದವು ಹಾಗೇ ನಿಂತಿದ್ದವು. ಒಂದು ಜಾಗ ಹಿಡಿದು 100 ಎಣಿಸಿದೆ. ಒಂದು ಗಂಟೆ ಬಿಟ್ಟು ಅಲ್ಲೇ ಎಣಿಸಿದಾಗ 83 ಕಪ್ಪಾಗಿಯೇ ಇದ್ದವು. ಬೂದು ಬ್ಯಾಚ್‌ನಲ್ಲಿ ಇದೇ ಪರೀಕ್ಷೆ ಮಾಡಿದರೆ ಹತ್ತು ಕೂಡ ಸಿಗಲಿಲ್ಲ. ಮೇಡಂ ಅವರನ್ನು ಕರೆದು ತೋರಿಸಿದೆ. ಅವರು ಐಪೀಸ್‌ನಿಂದ ಕಣ್ಣು ತೆಗೆಯದೇ, "ಇನ್ನೊಂದು ಹೋಯ್ತು ನೋಡು" ಅಂತ ಹೇಳುತ್ತ ಹತ್ತು ನಿಮಿಷ ಕೂತರು.

ಎಸ್‌ಇಎಂ ಸರದಿ ಆಮೇಲೆ ಬಂತು. ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಇಡೀ ಮಣಿಯ ಚಿತ್ರ ತೆಗೆದರೆ ಒಳಗೆ ಟೊಳ್ಳೋ ಗಟ್ಟಿಯೋ ಗೊತ್ತಾಗುವುದಿಲ್ಲ, ಹೊರಗಿನಿಂದ ಎರಡೂ ಒಂದೇ. ಅದಕ್ಕೆ ಹಿಂದಿನ ದಿನವೇ ಅಗೇಟ್ ಖಲ್‌ನಲ್ಲಿ ಒಂದಷ್ಟು ಪುಡಿ ಅರೆದಿಟ್ಟುಕೊಂಡಿದ್ದೆ. ಆ ಸ್ಯಾಂಪಲ್‌ನಲ್ಲಿ ಒಡೆದ ಮಣಿಗಳು ಕಂಡವು. ಮೊಟ್ಟೆ ಚಿಪ್ಪು ಅರ್ಧಕ್ಕೆ ಒಡೆದ ಹಾಗೆ, ಒಳಮೈ ನುಣ್ಣಗೆ, ಅಂಚು ತೆಳ್ಳಗೆ. ಹೊರಮೈ ಒಳಮೈಗಿಂತ ಸ್ವಲ್ಪ ಒರಟು. ಅಂಚಿನ ದಪ್ಪ ಅಳೆದರೆ 43ರಿಂದ 47 ನ್ಯಾನೊಮೀಟರ್. ಸುಡುವಾಗ ಸಿಲಿಕಾ ಸ್ವಲ್ಪ ಕುಗ್ಗುತ್ತದೆ, 50ಕ್ಕೆ ಲೆಕ್ಕ ಹಾಕಿದ್ದಕ್ಕೆ ಇದು ಸರಿಯಾಗಿಯೇ ಹೊಂದುತ್ತದೆ.

ಈಗ ಮಾಡುತ್ತಿರುವುದು ಎರಡು ಕೆಲಸ. ಒಡೆದ 17 ಯಾಕೆ ಒಡೆದವು ಅಂತ ನೋಡಲು ಚಿಪ್ಪನ್ನು 80 ನ್ಯಾನೊಮೀಟರ್‌ಗೆ ಏರಿಸಿದ ಬ್ಯಾಚ್ ಇವತ್ತು ಸ್ಟರರ್ ಮೇಲಿದೆ. ಘನಗಾತ್ರ 1.56 ಪಟ್ಟು ಆಗುತ್ತದೆ, ಹಾಗಾಗಿ ಟಿಇಒಎಸ್ 4 ಮಿಲಿ, ಅದೇ 0.4ರ ಲೆಕ್ಕದಲ್ಲಿ ಹತ್ತು ಸಲ. ಇನ್ನೊಂದು, ಎರಡು ಮಂಗಳೂರು ಹಂಚಿಗೆ ಸುಣ್ಣ ಬಳಿದು, ಒಂದರ ಸುಣ್ಣದಲ್ಲಿ ಮಾತ್ರ ಈ ಪುಡಿ ಬೆರೆಸಿ, ಕೆಳಗೆ ಥರ್ಮಾಮೀಟರ್ ಕಟ್ಟಿ ಲ್ಯಾಬ್ ತಾರಸಿ ಮೇಲೆ ಇಟ್ಟಿದ್ದೇನೆ. ಸುಣ್ಣ ಕ್ಷಾರ, ಕ್ಷಾರ ಸಿಲಿಕಾವನ್ನು ನಿಧಾನಕ್ಕೆ ತಿನ್ನುತ್ತದೆ. ಹಾಗಾಗಿ ಅದೇ ಪುಡಿಯನ್ನು ಅಕ್ರಿಲಿಕ್ ಪೇಂಟ್‌ನಲ್ಲೂ ಬೆರೆಸಿ, ಮೂರನೇ ಹಂಚಿಗೆ ಬಳಿದು ಪಕ್ಕದಲ್ಲಿಟ್ಟೆ. ಮಧ್ಯಾಹ್ನ ಎರಡಕ್ಕೆ ಮೊದಲ ರೀಡಿಂಗ್ ತೆಗೆಯಬೇಕು, ಅದಕ್ಕೂ ಮುಂಚೆ ಏಳನೇ ಪಿಪೆಟ್ ಹಾಕುವ ಹೊತ್ತಾಗುತ್ತದೆ.